ಲಿಫ್ಟಣ್ಣ ಬಿಚ್ಚಿದ ಲ್ಯಾಪ್‌ಟಾಪ್

ಆ ಮನೆಯಲ್ಲಿ ದುಡಿಯುವುದು ಲ್ಯಾಪ್‌ಟಾಪ್ ಒಂದೇ ಎಂದು ಅತ್ತೆ ಆಗಾಗ ತಮಾಷೆ ಮಾಡುತ್ತಿದ್ದಳು. ಸೊಸೆಗೆ ಅದು ತಮಾಷೆ ಅನ್ನಿಸುತ್ತಿರಲಿಲ್ಲ. ಅದರ ಮುಂದೆ ದಿನವಿಡೀ ಕೂತು ಬೆನ್ನು ಮುರಿದುಕೊಳ್ಳುತ್ತಿದ್ದವಳು ಅವಳು ತಾನೇ. ಡಾಕ್ಟರುಗಳು ರೋಗಿಗಳನ್ನು ನೋಡಿದ ಮೇಲೆ ಫೋನಿನಲ್ಲಿ ಗೊಣಗಿ ಇಟ್ಟದ್ದನ್ನು ಹೆಡ್‌ಫೋನಿನಲ್ಲಿ ಕೇಳಿ, ಅಚ್ಚುಕಟ್ಟಾಗಿ ಟೈಪ್ ಮಾಡಿ ಕಳಿಸುವುದು ಅವಳ ಕೆಲಸ. ಒಬ್ಬ ಡಾಕ್ಟರಂತೂ ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡೇ ಮಾತಾಡುತ್ತಾನೆ ಎಂದು ಬೈಯುತ್ತಿದ್ದಳು. ಆದರೂ ಮನೆಯಲ್ಲೇ ಕೂತು ಮಾಡುವ ಕೆಲಸ. ಒಲೆಯ ಮೇಲೆ ಹಾಲಿಟ್ಟು ಎರಡು ಪುಟ ಮುಗಿಸಬಹುದಿತ್ತು, ಗಂಡನಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಬಹುದಿತ್ತು, ಮಗಳು ಶಾಲೆಯಿಂದ ಬಂದಾಗ ಬಾಗಿಲು ತೆಗೆಯಲು ಒಬ್ಬರು ಇರುತ್ತಿದ್ದರು.

ಗಂಡನನ್ನು ಬೀದಿಯವರೆಲ್ಲ ಲಿಫ್ಟಣ್ಣ ಅನ್ನುತ್ತಿದ್ದರು. ಇಪ್ಪತ್ತು ವರ್ಷ ಲಿಫ್ಟ್ ಮೆಕ್ಯಾನಿಕ್ಕಾಗಿದ್ದವನು. ಎಲ್ಲೆಲ್ಲಿ ಲಿಫ್ಟು ನಿಂತು ಜನ ಒಳಗೆ ಸಿಕ್ಕಿಕೊಂಡು ಅರಚುತ್ತಿದ್ದರೋ ಅಲ್ಲಿಗೆಲ್ಲ ಇವನು ಹೋಗಬೇಕು. ಹೋದವರ್ಷ ಒಂದು ಲಿಫ್ಟಿನ ಅಡಿಯ ಹಳ್ಳಕ್ಕೆ ಬಿದ್ದು ಸೊಂಟ ಮುರಿದುಕೊಂಡ. ಮೂಳೆ ಕೂಡಿತು, ನಡಿಗೆ ಕೂಡಲಿಲ್ಲ. ಇವನ ಮನೆಯೋ ಮೂರನೆಯ ಮಹಡಿ, ಕಟ್ಟಡಕ್ಕೆ ಲಿಫ್ಟೇ ಇಲ್ಲ. ಜಗತ್ತನ್ನೆಲ್ಲ ಮೇಲಕ್ಕೆ ಕೆಳಕ್ಕೆ ಓಡಾಡಿಸಿದವನು ಆಸ್ಪತ್ರೆಗೆ ಹೋಗುವ ದಿನ ಬಿಟ್ಟರೆ ಮನೆಯಿಂದ ಇಳಿಯುತ್ತಿರಲಿಲ್ಲ. ಇದನ್ನು ಹೇಳಿ ನಗುವವರು ಇದ್ದರು, ಮೊದಮೊದಲು ಅವನೇ ನಗುತ್ತಿದ್ದ.

ಒಂದು ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಏಳಲಿಲ್ಲ. ಗುಂಡಿ ಒತ್ತಿದರೆ ಪಕ್ಕದ ಪುಟ್ಟ ದೀಪ ಹತ್ತುತ್ತಿತ್ತು, ಒಳಗಿನ ಫ್ಯಾನು ಉಸ್ಸೆಂದು ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪಗೇ ಇರುತ್ತಿತ್ತು.

"ಚಾರ್ಜಿಗೆ ಹಾಕಿದ್ಯೇನೇ?" ಅತ್ತೆ ಅಡುಗೆಮನೆಯಿಂದ ಕೂಗಿದಳು.

"ಹಾಕಿದೀನಿ ಅತ್ತೆ."

"ಬೇರೆ ಸ್ವಿಚ್ಚಿಗೆ ಹಾಕಿ ನೋಡು. ಆ ಸ್ವಿಚ್ಚು ನಿಮ್ಮ ಮಾವ ಇದ್ದಾಗ್ಲೂ ಹಾಗೇ, ಮನಸ್ಸು ಬಂದ್ರೆ ಕೆಲಸ ಮಾಡೋದು."

"ಒಂದ್ಸಲ ಆಫ್ ಮಾಡಿ ಆನ್ ಮಾಡಮ್ಮ," ಎಂದಳು ಮಗಳು, ಬ್ರೆಡ್ಡು ಕಚ್ಚುತ್ತ.

"ಆನೇ ಆಗ್ದೆ ಇರೋದನ್ನ ಆಫ್ ಹೆಂಗೆ ಮಾಡ್ಲೇ? ಮೊದ್ಲು ತಲೆ ಬಾಚ್ಕೋ, ಹೊತ್ತಾಯ್ತು."

ಕಿಟಕಿಯ ಪಕ್ಕದ ಮಂಚದಿಂದ ಲಿಫ್ಟಣ್ಣನ ದನಿ ಬಂತು. "ಯಾರೂ ಮುಟ್ಬೇಡಿ. ಇಲ್ಲಿ ತನ್ನಿ."

ಆ ದನಿ ಕೇಳಿ ಮೂವರೂ ತಿರುಗಿ ನೋಡಿದರು. ವರ್ಷದಿಂದ ಆ ಮಂಚದಿಂದ ಬರುತ್ತಿದ್ದುದು ನೀರು ಕೊಡು, ಕಿಟಕಿ ಹಾಕು, ಟೀವಿ ಸದ್ದು ಕಮ್ಮಿ ಮಾಡು ಅನ್ನುವ ಮಾತುಗಳಷ್ಟೇ. ಇದು ಹಳೆಯ ದನಿ. ಅವನು ಕೋಲೂರಿಕೊಂಡು ತಾನೇ ಎದ್ದು ಊಟದ ಮೇಜಿಗೆ ಬಂದ, ಹಳೆಯ ಪೇಪರು ಹಾಸಿದ, ಲ್ಯಾಪ್‌ಟಾಪನ್ನು ಅದರ ಮೇಲೆ ಇರಿಸಿ ಮಗುವಿನ ಬೆನ್ನು ತಟ್ಟುವವರ ಹಾಗೆ ಮೆಲ್ಲಗೆ ತಟ್ಟಿದ.

"ಅಂಗಡಿಗೆ ಕೊಟ್ಬಿಡೋಣ ರೀ," ಎಂದಳು ಸೊಸೆ. "ಮುಖ್ಯ ರಸ್ತೇಲಿ ಒಂದಿದೆ. ಇವತ್ತೇ ಕೊಟ್ರೆ ನಾಳೆ—"

"ಅಂಗಡಿಯೋರು ಏನ್ ಆಕಾಶದಿಂದ ಇಳಿದಿದಾರಾ? ನಿಂತಿರೋದನ್ನ ಓಡ್ಸೋದು ತಾನೇ. ನಾನು ಇಷ್ಟು ವರ್ಷ ಮಾಡಿದ್ದೇನು?"

"ಅವ್ನು ನೋಡ್ಲಿ ಬಿಡೇ," ಎಂದಳು ಅತ್ತೆ. ಸೊಸೆ ಗಂಡನ ಮುಖ ನೋಡಿದಳು. ಬಿದ್ದ ದಿನದಿಂದ ಕಾಣದ ಒಂದು ಕಳೆ ಅಲ್ಲಿತ್ತು. ಅದನ್ನು ನೋಡಿದ ಮೇಲೆ ಅಂಗಡಿಯ ಮಾತನ್ನು ಬಾಯಲ್ಲೇ ನುಂಗಿಕೊಂಡಳು. ಅವಳ ತಪ್ಪೇನಾದರೂ ಇದ್ದರೆ ಅದಿಷ್ಟೇ, ಆದರೆ ಆ ಮುಖ ನೋಡಿದ್ದರೆ ಯಾರಾದರೂ ಹಾಗೇ ಮಾಡುತ್ತಿದ್ದರು.

ಕೆಲಸ ಕೊಡುವ ಕಂಪನಿಯ ಮೇಲ್ವಿಚಾರಕಿಗೆ ಫೋನು ಮಾಡಿದಳು. ಆಕೆ ಕೆಟ್ಟವಳಲ್ಲ. "ಶುಕ್ರವಾರದವರೆಗೆ ನಿಮ್ಮ ಪಾಲಿನ ಫೈಲುಗಳನ್ನ ಹಂಚಿ ಹೇಗೋ ತಳ್ತೀನಿ ಕಣ್ರೀ. ಆಮೇಲೂ ಆಗ್ಲಿಲ್ಲ ಅಂದ್ರೆ ಮನೆಯಿಂದ ಮಾಡೋ ಕೆಲಸ ಬೇರೆಯವ್ರಿಗೆ ಹೋಗುತ್ತೆ. ಕಾಯ್ತಿರೋರ ಸಾಲು ಬಾಗಿಲವರೆಗೂ ಇದೆ," ಎಂದಳು.

"ಶುಕ್ರವಾರದೊಳಗೆ ಆಗುತ್ತೆ ತಾನೇ?" ಸೊಸೆ ಗಂಡನನ್ನು ಕೇಳಿದಳು.

"ಬುಧವಾರ ನೀನು ಟೈಪ್ ಮಾಡ್ತಿರ್ತೀಯ," ಎಂದ ಅವನು.

ಮೊದಲೆರಡು ದಿನ ಅವನು ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ, ಅದನ್ನು ಹೇಳಲೇಬೇಕು. ಚಾರ್ಜರು ಕಿತ್ತು, ಬ್ಯಾಟರಿ ತೆಗೆದು, ಗುಂಡಿಯನ್ನು ಒತ್ತಿ ಹಿಡಿದು ಒಳಗೆ ಉಳಿದ ಕರೆಂಟನ್ನೆಲ್ಲ ಇಳಿಸಿದ. ಮಗಳು ಶಾಲೆಯಿಂದ ಬಂದ ಕೂಡಲೇ ಫೋನಿನಲ್ಲಿ ವಿಡಿಯೋ ಹುಡುಕಿ ಓದಿ ಹೇಳುವುದು, ಅಪ್ಪ ಮಾಡುವುದು. ಪರದೆಯೇ ಹೋಗಿರಬಹುದೆಂದು ಟೀವಿಗೆ ತಂತಿ ಹಾಕಿ ನೋಡಿದರು. ಟೀವಿಯೂ ಕಪ್ಪಗೇ ಇತ್ತು. ಹಿಂದಿನ ಮುಚ್ಚಳ ಬಿಚ್ಚಿದಾಗ ಸ್ಕ್ರೂಗಳು ಕಳೆಯಬಾರದೆಂದು ತನ್ನ ಮಾತ್ರೆಗಳ ಡಬ್ಬಿಯಲ್ಲಿ ಒಂದೊಂದು ಖಾನೆಗೆ ಒಂದೊಂದು ಬಗೆಯ ಸ್ಕ್ರೂ ಹಾಕಿಟ್ಟ.

"ಹಾಗಾದ್ರೆ ಮಾತ್ರೆ ಎಲ್ಲಿ?" ಎಂದು ಸೊಸೆ ಕೇಳಿದಳು.

"ಎಲ್ಲೋ ಇದಾವೆ. ಇವತ್ತು ನೋವೇ ಇಲ್ಲ ಕಣೇ."

ಊಟದ ಮೇಜು ಹೋಗಿದ್ದರಿಂದ ಮನೆಯವರು ಅಡುಗೆಮನೆಯಲ್ಲಿ ತಟ್ಟೆ ಹಿಡಿದು ನಿಂತೇ ಉಂಡರು. ಅತ್ತೆ ಮಗನಿಗೆ ಮೇಜಿನ ಹತ್ತಿರವೇ ಅನ್ನ ಕಲಸಿ ಕೊಟ್ಟಳು. ಅವನು ಎಡಗೈಯಲ್ಲಿ ಟಾರ್ಚು ಹಿಡಿದು, ಬಲಗೈಯಲ್ಲಿ ತಿನ್ನುತ್ತ, ನಡುವೆ ಮಗಳಿಗೆ ಹಳೆಯ ಕತೆ ಹೇಳಿದ. ಒಮ್ಮೆ ಮದುಮಗನೊಬ್ಬ ಲಿಫ್ಟಿನಲ್ಲಿ ಸಿಕ್ಕಿಕೊಂಡು, ಹೊರಗೆ ಬಂದವನೇ ಮದುಮಗಳನ್ನು ಬಿಟ್ಟು ಮೆಕ್ಯಾನಿಕ್ಕನ್ನೇ ತಬ್ಬಿಕೊಂಡನಂತೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ಸೊಸೆಯೂ ನಕ್ಕಳು. ಸಂಜೆ ನಾಲ್ಕು ಸಾಲು ಟೈಪ್ ಮಾಡಲು ಮಗಳ ಫೋನು ಹಿಡಿದು ಕೂತು, ಹೆಬ್ಬೆರಳು ನೋವು ಬಂದು ಬಿಟ್ಟಳು.

ಬುಧವಾರ ಬಂತು. ಯಾರೂ ಟೈಪ್ ಮಾಡಲಿಲ್ಲ.

ಗುರುವಾರ ಸಂಜೆ ಲಿಫ್ಟಣ್ಣ ಒಳಗಿನಿಂದ ಬೆರಳುದ್ದದ ಒಂದು ಹಸಿರು ಪಟ್ಟಿಯನ್ನು ಹೊರಗೆಳೆದ. ಅದರ ಅಂಚಿನಲ್ಲಿ ಹಳದಿ ಹಲ್ಲುಗಳ ಸಾಲಿತ್ತು. ಟಾರ್ಚು ಬಿಟ್ಟು ನೋಡಿ, "ಸಿಕ್ತು! ಕಾಂಟ್ಯಾಕ್ಟು ಮಂಕಾಗಿದೆ ನೋಡು," ಎಂದ. ಲಿಫ್ಟಿನ ಕೆಲಸದಲ್ಲಿ ಅರ್ಧ ಕಾಯಿಲೆ ಇದೇ. ರಿಲೇ ಪೆಟ್ಟಿಗೆಯ ತಾಮ್ರದ ತುದಿಗಳು ಕಪ್ಪಾಗುತ್ತವೆ, ಕರೆಂಟು ದಾಟುವುದಿಲ್ಲ, ಲಿಫ್ಟು ನಿಲ್ಲುತ್ತದೆ. ಎಮರಿ ಪೇಪರ್ ತೆಗೆದುಕೊಂಡು ಹೊಳೆಯುವವರೆಗೆ ಉಜ್ಜಿದರೆ ಮತ್ತೆ ಹೊರಡುತ್ತದೆ. ಇಷ್ಟು ವರ್ಷ ಅವನು ಹೀಗೆಯೇ ಜನರನ್ನು ಹೊರಗೆ ತಂದಿದ್ದ. ಮಂಚದ ಕೆಳಗಿನ ಪೆಟ್ಟಿಗೆಯಿಂದ ಆ ಒರಟು ಕಾಗದದ ತುಂಡನ್ನು ತರಿಸಿದ.

ಮಗಳು ಫೋನು ನೋಡುತ್ತಿದ್ದವಳು ತಲೆಯೆತ್ತಿದಳು. "ಅಪ್ಪಾ, ಇದ್ರಲ್ಲಿ ಪೆನ್ಸಿಲ್ ಅಳಿಸೋ ರಬ್ಬರ್ ಅಂತ ಹೇಳ್ತಿದಾರೆ. ಮೆಲ್ಲಗೆ ಒರೆಸ್ಬೇಕಂತೆ."

"ರಬ್ಬರಲ್ಲಿ ಅಳ್ಸೋದು ಡ್ರಾಯಿಂಗು. ಇದು ಕಾಂಟ್ಯಾಕ್ಟು."

"ಅಲ್ಲಪ್ಪ, ಅವ್ರು—"

"ಅವ್ರು ವಿಡಿಯೋ ಮಾಡೋರು ಕಣೇ, ನಾನು ಕೆಲಸ ಮಾಡೋನು."

ಹುಡುಗಿ ಮತ್ತೆ ಫೋನಿಗೆ ತಲೆ ಬಗ್ಗಿಸಿದಳು. ಅವನು ಪಟ್ಟಿಯ ಎರಡೂ ಬದಿಯನ್ನು ಚೆನ್ನಾಗಿ ಉಜ್ಜಿದ. ಆಮೇಲೆ ಕಾಗದವನ್ನು ಮಡಚಿ, ಪಟ್ಟಿ ಕೂರುವ ಸಂದಿಗೆ ತೂರಿಸಿ ಅತ್ತಿತ್ತ ಎಳೆದ. ಊದಿ ಧೂಳು ಹಾರಿಸಿದ. ಎಲ್ಲ ಮತ್ತೆ ಜೋಡಿಸಿ, ಹೆಂಡತಿಯನ್ನೂ ತಾಯಿಯನ್ನೂ ಕರೆದು ನಿಲ್ಲಿಸಿಕೊಂಡು ಗುಂಡಿ ಒತ್ತಿದ.

ದೀಪ ಹತ್ತಿತು. ಫ್ಯಾನು ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ದೀಪವೂ ಆರಿತು.

"ಒಲೆ ಮೇಲೆ ಏನಾದ್ರೂ ಇಟ್ಟಿದ್ಯೇನೇ?" ಎಂದಳು ಅತ್ತೆ.

ಶುಕ್ರವಾರ ಬೆಳಿಗ್ಗೆ ಜಗಳವಾಯಿತು. ಶುರು ಮಾಡಿದವಳು ಮಗಳು.

"ಮೊದಲ್ನೇ ದಿನಾನೇ ಅಂಗಡಿಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ಸರಿ ಹೋಗಿರೋದು."

"ನೀನು ಬಾಯಿ ಮುಚ್ಚು," ಎಂದಳು ಸೊಸೆ.

"ನೀನೂ ಹಾಗೇ ಅಂದ್ಕೊಂಡಿದೀಯ ತಾನೇ? ನಂಗೆ ಮಾತ್ರ ಬಾಯಿ ಮುಚ್ಚು."

"ಅಪ್ಪನ ಮುಂದೆ ಮಾತಾಡೋ ರೀತಿಯೇನೇ ಇದು?" ಅತ್ತೆ ಸೌಟು ಹಿಡಿದೇ ಹೊರಗೆ ಬಂದಳು. "ಅವ್ನೇನು ಬೇಕಂತ ಮಾಡಿದ್ನಾ?"

"ಬೇಕಂತ ಮಾಡಿದ್ರು ಅಂತ ಯಾರಜ್ಜೀ ಅಂದ್ರು?"

ಲಿಫ್ಟಣ್ಣ ಮೇಜಿನ ಮೇಲಿನ ಪೇಪರು ಮಡಚುತ್ತಿದ್ದ. ತಲೆಯೆತ್ತದೆ, "ತಗೊಂಡ್ಹೋಗಿ ಕೊಡಿ," ಎಂದ.

ಮಗಳು ಶಾಲೆ ತಪ್ಪಿಸಿ ತಾಯಿಯ ಜೊತೆ ಹೋದಳು. ರಿಪೇರಿ ಅಂಗಡಿಯಲ್ಲಿದ್ದವಳು ದಪ್ಪ ಕನ್ನಡಕದ ಹೆಂಗಸು. ಊಟದ ಡಬ್ಬಿ ಅರ್ಧ ತೆರೆದಿತ್ತು. ಅದನ್ನು ಪಕ್ಕಕ್ಕೆ ಸರಿಸಿ, ಮುಚ್ಚಳ ಬಿಚ್ಚಿ, ಭೂತಗನ್ನಡಿ ಹಿಡಿದು ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.

"ಇದನ್ನ ಯಾರು ಬಿಚ್ಚಿದ್ದು?"

"ಮನೇಲಿ," ಎಂದಳು ಸೊಸೆ.

"ಯಾವ್ದ್ರಲ್ಲಿ ಉಜ್ಜಿದ್ರು, ಎಮರೀಲಾ? ಅಯ್ಯೋ. ಇದರ ಮೇಲಿರೋದು ಚಿನ್ನದ ಲೇಪ ಕಣ್ರೀ, ಉಗುರಲ್ಲಿ ಕೆರೆದ್ರೂ ಹೋಗೋವಷ್ಟು ತೆಳು. ಪೂರ್ತಿ ಹೋಗಿದೆ. ಪಟ್ಟಿ ಹೋದ್ರೆ ಹೋಯ್ತು, ಇನ್ನೊಂದು ಹಾಕ್ಬೋದಿತ್ತು. ಅದು ಕೂರೋ ಜಾಗದೊಳಗೂ ಎಳೆದಿದಾರೆ. ಒಳಗಿನ ಹಲ್ಲುಗಳು ಬಾಗಿ ಒಂದಕ್ಕೊಂದು ತಾಗಿವೆ. ಆಮೇಲೆ ಕರೆಂಟು ಕೊಟ್ಟಿದಾರೆ. ಬೋರ್ಡೇ ಸುಟ್ಟೋಗಿದೆ. ಇದಕ್ಕೆ ಖರ್ಚು ಮಾಡೋದು ದಂಡ."

"ಮೊದ್ಲು ಏನಾಗಿತ್ತು ಅಂತ ಗೊತ್ತಾಗುತ್ತಾ?"

"ದೀಪ ಬರ್ತಿತ್ತಾ? ಫ್ಯಾನ್ ತಿರುಗ್ತಿತ್ತಾ? ಪರದೆ ಮಾತ್ರ ಕಪ್ಪು?" ಹೆಂಗಸು ಕನ್ನಡಕ ತೆಗೆದು ಒರೆಸಿಕೊಂಡಳು. "ಬಹುಶಃ ಈ ಮೆಮರಿ ಪಟ್ಟಿ ಸ್ವಲ್ಪ ಅಲುಗಾಡಿರ್ಬೇಕು. ಈ ಮಾದರೀಲಿ ಅದು ಮಾಮೂಲು. ತೆಗೆದು ಮತ್ತೆ ಒತ್ತಿ ಕೂರ್ಸಿದ್ರೆ ಮುಗೀತಿತ್ತು. ನೀವು ನಿಂತಿರೋವಾಗ್ಲೇ ಮಾಡಿಕೊಡೋ ಕೆಲಸ."

ಸೊಸೆ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡಳು. ಕಟ್ಟಡದ ಮೊದಲ ಮಹಡಿಯ ತಿರುವಿನಲ್ಲಿ ಅವಳು ಮಗಳ ತೋಳು ಹಿಡಿದು ನಿಲ್ಲಿಸಿದಳು.

"ಅಪ್ಪಂಗೆ ಹೇಳ್ಬೇಡ."

"ಹೇಳಲ್ಲ."

"ಜಗಳ ಆದಾಗ್ಲೂ ಹೇಳ್ಬೇಡ."

ಹುಡುಗಿಯ ಕಣ್ಣು ತುಂಬಿತು. "ಹೇಳಲ್ಲ ಅಂದ್ನಲ್ಲಮ್ಮ. ನಾನೇನು ಅಷ್ಟು ಕೆಟ್ಟೋಳಾ?"

ಲಿಫ್ಟಣ್ಣ ಬಾಗಿಲ ಕಡೆಯೇ ಕಣ್ಣು ನೆಟ್ಟು ಕೂತಿದ್ದ. ಸೊಸೆ ಚಪ್ಪಲಿ ಬಿಡುತ್ತ, ಮುಖ ತೋರಿಸದೆ ಹೇಳಿದಳು. "ಬೋರ್ಡು ಮೊದ್ಲೇ ಹೋಗಿತ್ತಂತೆ ರೀ. ಸೋಮವಾರಾನೇ. ಯಾರು ಏನು ಮಾಡಿದ್ರೂ ಆಗ್ತಿರ್ಲಿಲ್ಲ ಅಂದ್ಲು."

"ನಾನು ಉಜ್ಜಿದ್ದು ನೋಡಿದ್ಲಾ?"

ಅವಳು ಇಲ್ಲವೆಂದು ಬಿಡಬಹುದಿತ್ತು. ಪ್ರೀತಿ ಹೆಚ್ಚಾದಾಗ ಸುಳ್ಳೂ ಅಳತೆ ಮೀರುತ್ತದೆ. "ನೋಡಿದ್ಲು. ಚೆನ್ನಾಗಿ ಉಜ್ಜಿದಾರೆ ಅಂದ್ಲು."

"ಹೂಂ," ಎಂದ ಅವನು.

ಮನೆಯಿಂದ ಮಾಡುವ ಕೆಲಸ ಸೋಮವಾರ ಇನ್ನೊಬ್ಬರ ಪಾಲಾಯಿತು. ಹೊಸ ಲ್ಯಾಪ್‌ಟಾಪಿನ ಮಾತನ್ನು ಯಾರೂ ಎತ್ತಲಿಲ್ಲ, ದುಡ್ಡಿಲ್ಲದ ಮೇಲೆ ಎತ್ತಿ ಪ್ರಯೋಜನವೂ ಇರಲಿಲ್ಲ. ಮೇಲ್ವಿಚಾರಕಿ ದೊಡ್ಡ ಮನಸ್ಸು ಮಾಡಿ ಕಂಪನಿಯ ಆಫೀಸಿನಲ್ಲೇ ಒಂದು ಕುರ್ಚಿ ಕೊಟ್ಟಳು. ಅಲ್ಲಿ ಖಾಲಿ ಇದ್ದದ್ದು ಮಧ್ಯಾಹ್ನದಿಂದ ರಾತ್ರಿಯವರೆಗಿನ ಪಾಳಿ. ಎರಡು ಬಸ್ಸು ಬದಲಿಸಿ ಹೋಗಬೇಕು. ಉದ್ದನೆಯ ಕೊಠಡಿ, ಸಾಲು ಸಾಲು ಮೇಜು, ತಲೆತುಂಬ ಹೆಡ್‌ಫೋನು ಹಾಕಿಕೊಂಡ ಹೆಂಗಸರು. ಬಟ್ಟೆ ಇಸ್ತ್ರಿಯಾಗಿರಲೇಬೇಕೆಂದು ಮೊದಲ ದಿನವೇ ಹೇಳಿದರು. ಬಿಸ್ಕತ್ತಿನ ಡಾಕ್ಟರು ಅಲ್ಲಿಯೂ ಅವಳ ಪಾಲಿಗೇ ಬಂದ.

ಮನೆಯ ರೀತಿ ಮೆಲ್ಲಗೆ ಬದಲಾಯಿತು. ಅತ್ತೆ ಮಂಡಿ ನೋವು ಹಿಡಿದುಕೊಂಡು ಎರಡು ಹೊತ್ತಿನ ಅಡುಗೆಯನ್ನು ಒಂದೇ ಹೊತ್ತಿಗೆ ಮಾಡಿಡುತ್ತಿದ್ದಳು. ಮಗಳು ಶಾಲೆ ಮುಗಿದ ಮೇಲೆ ಆಡುತ್ತಿದ್ದ ವಾಲಿಬಾಲ್ ಬಿಟ್ಟಳು. ತಂಡದಲ್ಲಿ ತನ್ನ ಜಾಗಕ್ಕೆ ಇನ್ನೊಬ್ಬಳನ್ನು ಹಾಕಿಕೊಂಡರೆಂದು ಯಾರಿಗೂ ಹೇಳದೆ, ಪಾತ್ರೆ ತೊಳೆಯುವಾಗ ಮಾತ್ರ ಬೇಕೆಂದೇ ಸದ್ದು ಮಾಡುತ್ತಿದ್ದಳು. ಸೊಸೆ ಬರುವಾಗ ಅನ್ನ ತಣ್ಣಗಾಗಿ ಗಟ್ಟಿಯಾಗಿರುತ್ತಿತ್ತು. ಅದನ್ನೇ ತಿಂದು ಮಲಗುತ್ತಿದ್ದಳು.

ಲಿಫ್ಟಣ್ಣ ಮಂಚಕ್ಕೆ ಮರಳಿದ. ಉಪಕರಣಗಳ ಪೆಟ್ಟಿಗೆಯನ್ನು ಕೋಲಿನಿಂದ ಗೋಡೆಯವರೆಗೆ ತಳ್ಳಿದ. ತಪ್ಪು ಅವನದಲ್ಲ ಎಂದು ಹೇಳಿಯಾಗಿತ್ತು, ಆದರೂ ಅವನು ಏಳಲಿಲ್ಲ. ಮೊದಲು ನೀರು ಕೊಡು ಎಂದಾದರೂ ಕೇಳುತ್ತಿದ್ದ, ಈಗ ಅದನ್ನೂ ಕೇಳುತ್ತಿರಲಿಲ್ಲ. ತಾಯಿ ತಾನಾಗಿ ತಂದಿಟ್ಟರೆ ಕುಡಿಯುತ್ತಿದ್ದ. ಮಗಳು ಒಂದು ದಿನ ಆ ಮದುಮಗನ ಕತೆ ಇನ್ನೊಂದು ಸಲ ಹೇಳಪ್ಪ ಎಂದು ಪಕ್ಕದಲ್ಲಿ ಕೂತಳು. "ಮರೆತೋಯ್ತು," ಎಂದು ಗೋಡೆಯ ಕಡೆ ತಿರುಗಿದ.

ಒಂದು ಭಾನುವಾರ ಆಲೂಗಡ್ಡೆ ಸುಲಿಯುತ್ತ ಅತ್ತೆ ಪಿಸುಗುಟ್ಟಿದಳು. "ಅವ್ನಿಗೆ ಏನಾದ್ರೂ ಕೆಲಸ ಕೊಡೇ."

"ಏನು ಕೊಡ್ಲಿ ಅತ್ತೆ? ಮನೇಲಿ ಏನೂ ಕೆಟ್ಟಿಲ್ಲ."

"ಕೆಡ್ಸು."

ಸೊಸೆ ಚಾಕು ನಿಲ್ಲಿಸಿ ನೋಡಿದಳು. ಮುದುಕಿ ತಮಾಷೆ ಮಾಡುತ್ತಿರಲಿಲ್ಲ. "ಸಣ್ಣದೇನಾದ್ರೂ. ಅವನಿಗೆ ಕಣ್ಣು ಮುಚ್ಕೊಂಡು ಮಾಡೋಕೆ ಬರೋವಂಥದ್ದು. ಒಂದ್ಸಲ ಮಾಡಿದ್ರೆ ಮೇಲೇಳ್ತಾನೆ ಕಣೇ. ಹೆತ್ತೋಳು ಹೇಳ್ತಿದೀನಿ."

ಬೇರೆ ದಾರಿ ಯಾರಿಗೂ ಹೊಳೆದಿರಲಿಲ್ಲ. ಮರುದಿನ ಅವನು ಸ್ನಾನಕ್ಕೆ ಹೋದಾಗ ಸೊಸೆ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಬಿಚ್ಚಿದಳು. ಸ್ಕ್ರೂಡ್ರೈವರು ಅವನ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆ ಎಳೆದರೆ ಸದ್ದಾದೀತೆಂದು ಹಣ್ಣು ಹೆಚ್ಚುವ ಚಾಕುವಿನಲ್ಲೇ ತಿರುವಿದಳು. ಚಾಕು ಎರಡು ಸಲ ಜಾರಿತು. ಒಂದು ತಂತಿಯನ್ನು ಸಡಿಲಿಸಿ, ಹೊರಗೆಳೆದು, ಪ್ಲಗ್ಗು ಮತ್ತೆ ಮುಚ್ಚಿದಳು.

ಪಾಳಿಗೆ ಹೊರಡುವ ಹೊತ್ತಿಗೆ ಒದ್ದೆ ತಲೆಯ ಗಂಡನ ಮುಂದೆ ಇಸ್ತ್ರಿ ಪೆಟ್ಟಿಗೆ ತಂದಿಟ್ಟಳು. "ರೀ, ಬಿಸಿನೇ ಆಗ್ತಿಲ್ಲ. ಬಟ್ಟೆ ಹೀಗೇ ಇದೆ ನೋಡಿ. ಸ್ವಲ್ಪ ನೋಡ್ತೀರಾ?"

ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಕೈ ಚಾಚಿ ಪ್ಲಗ್ಗು ಎತ್ತಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಶಾಲೆಗೆ ರಜೆಯಿದ್ದ ಮಗಳು ಓಡಿ ಹೋಗಿ ಸ್ಕ್ರೂಡ್ರೈವರು ತಂದಳು. ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಪ್ಲಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸ್ಕ್ರೂವಿನ ತಲೆ ಸವರಿದ.

"ಇದು ತಾನಾಗಿ ಸಡಿಲ ಆಗಿಲ್ಲ," ಎಂದ. "ಚಾಕು ಹಾಕಿ ತಿರುಗಿಸಿದಾರೆ. ಜಾರಿದ ಗೆರೆ ಇದೆ ನೋಡು. ಹೊಸ ಗೆರೆ."

ಸೊಸೆ ಅತ್ತೆಯ ಕಡೆ ನೋಡಿದಳು.

"ನಾನೇ ಹೇಳಿದ್ದು ಕಣೋ," ಎಂದಳು ಅತ್ತೆ ಬಾಗಿಲಿಂದ. "ನಿಂಗೆ ಹೊತ್ತು ಹೋಗ್ಲಿ ಅಂತ."

ಅವನು ತಾಯಿಯ ಕಡೆ ನೋಡಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ನಿಂತುಹೋದ ಯಂತ್ರದ ಮುಂದೆ ಕೂತು ಎಲ್ಲಿ ಕೈಕೊಟ್ಟಿತೆಂದು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುವುದು ಅವನಿಗೆ ಅಭ್ಯಾಸ. ಈಗಲೂ ಹಾಕಿದ.

"ಆವತ್ತೂ ಹೀಗೇ ನನ್ನ ಸಮಾಧಾನಕ್ಕೆ ಹೇಳಿದ್ದು, ಅಲ್ವಾ? ಚೆನ್ನಾಗಿ ಉಜ್ಜಿದಾರೆ ಅಂತ."

"ಇಲ್ಲ ರೀ, ಅಂಗಡಿಯವಳು—"

"ನಾನೇ ಕೆಡ್ಸಿದ್ದು."

ಅವಳು ಮಗಳ ಕಡೆ ನೋಡಿದಳು. ಹುಡುಗಿ ತಲೆ ತಗ್ಗಿಸಿ ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಅಷ್ಟು ಸಾಕಾಯಿತು ಅವನಿಗೆ.

"ಅಂಗಡಿಗೆ ಕೊಟ್ಟಿದ್ರೆ?" ಎಂದು ಕೇಳಿದ.

ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. "ಸರಿ ಹೋಗ್ತಿತ್ತಂತೆ," ಎಂದಳು.

ಅವನು ತಲೆದೂಗಿದ. ಪ್ಲಗ್ಗನ್ನು ಇಸ್ತ್ರಿ ಪೆಟ್ಟಿಗೆಯ ಮೇಲೆ ಮೆಲ್ಲಗಿಟ್ಟು, ತಂತಿಯನ್ನು ನೀಟಾಗಿ ಸುತ್ತಿ, ಅವಳ ಕಡೆಗೆ ಸರಿಸಿದ.

"ಕೆಳಗೆ ಎಲೆಕ್ಟ್ರಿಷಿಯನ್ ಅಂಗಡಿ ಇದೆಯಲ್ಲ. ಅವ್ರ ಹತ್ರ ಹಾಕ್ಸು."

"ಒಂದು ತಂತಿ ರೀ. ನಿಮಗೆ ಒಂದು ನಿಮಿಷದ ಕೆಲಸ."

"ಗೊತ್ತು. ಅವ್ರ ಹತ್ರ ಹಾಕ್ಸು."

ಅವನು ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಮಂಚದ ಮೇಲಿಟ್ಟುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ. ಅತ್ತೆ ಒಳಗೆ ಹೋಗಿ ನಲ್ಲಿ ಬಿಟ್ಟಳು. ಬಸ್ಸಿಗೆ ಹೊತ್ತಾಗಿತ್ತು. ಸೊಸೆ ಸುಕ್ಕಾದ ಬಟ್ಟೆಯನ್ನೇ ಹಾಕಿಕೊಂಡು, ಇಸ್ತ್ರಿ ಪೆಟ್ಟಿಗೆಯನ್ನು ಚೀಲಕ್ಕೆ ತುಂಬಿ, ಮೂರು ಮಹಡಿ ಇಳಿದು ಹೋದಳು.